ನಿಶಾಪುರದ ಬೋಗುಣಿ

17 ನವೆಂಬರ್ 2024, ಭಾನುವಾರ
ನ್ಯೂಯಾರ್ಕ್

ಹೋದ ವಾರ ಕುಂಬಾರಿಕೆ ಕ್ಲಾಸಿನಲ್ಲಿ ಒಂದು ಬಟ್ಟಲಿನ ಒಳಗೆ ಅಮ್ಮನ ಹೆಸರು ಬರೆದಿದ್ದೆ. ಸುಟ್ಟು ಹೊರಗೆ ಬಂದಾಗ ಅಕ್ಷರಗಳೆಲ್ಲ ಕದಡಿ ಕೆಳಗಿಳಿದಿದ್ದವು. ಓದೋಕೆ ಆಗಲಿಲ್ಲ. ವಾರಪೂರ್ತಿ ಬೇಜಾರು.

ಇವತ್ತು ಮೆಟ್ ಮ್ಯೂಸಿಯಂನಲ್ಲಿ ಒಂದು ಬೋಗುಣಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಈಶಾನ್ಯ ಇರಾನಿನ ನಿಶಾಪುರದ್ದು, ಹತ್ತನೇ ಶತಮಾನದ್ದು. ಹೆಚ್ಚುಕಡಿಮೆ ಒಂದು ಮೊಳ ಅಗಲ. ಒಳಗೆಲ್ಲ ಮಜ್ಜಿಗೆಯ ಬಿಳುಪು. ಸುತ್ತಲೂ ಒಂದೇ ಒಂದು ಸಾಲು ಕಪ್ಪು ಅಕ್ಷರ, ಕೂಫಿ ಲಿಪಿ, ಅಂದರೆ ಅರಬ್ಬಿಯ ಹಳೆಯ ನೆಟ್ಟಗಿನ ಬರಹ. ಹೂವಿಲ್ಲ, ಹಕ್ಕಿಯಿಲ್ಲ. ಉದ್ದ ಗೆರೆಗಳು ಕಡ್ಡಿ ನೆಟ್ಟ ಹಾಗೆ ನಿಂತಿವೆ. ಸಾವಿರ ವರ್ಷದ ಹಿಂದೆ ಬರೆದ ಅಕ್ಷರದ ಅಂಚು ಒಂದಿಷ್ಟೂ ಕದಡಿಲ್ಲ!

ಗುಟ್ಟು ಮಣ್ಣಿನಲ್ಲಿದೆ. ಅವರ ಗ್ಲೇಜ್, ಅಂದರೆ ಪಾತ್ರೆಯ ಮೇಲಿನ ಹೊಳೆಯುವ ಲೇಪ, ಸೀಸದ್ದು. ಬೆಂಕಿಯಲ್ಲಿ ಅದು ಕರಗಿ ಹರಿಯುತ್ತದೆ, ಕೆಳಗಿರುವ ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ನಿಶಾಪುರದ, ಮಧ್ಯ ಏಷ್ಯಾದ ಸಮರ್‌ಕಂದ್‌ನ ಕುಂಬಾರರು ಬಣ್ಣವನ್ನು ತೆಳು ಜೇಡಿಮಣ್ಣಿನಲ್ಲಿ ಕಲಸಿ ಬರೆದರು. ಮಣ್ಣು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಅಲ್ವಾ? ಆ ಬಿಳುಪೂ ಮಣ್ಣಿನದೇ. ಇರಾಕಿನವರು ಚೀನಾದ ಬಿಳಿ ಪಾತ್ರೆ ನೋಡಿ ಗ್ಲೇಜಿಗೆ ತವರ ಸೇರಿಸಿ ಬಿಳಿ ಮಾಡಿದರು. ಇವರು ಬಿಳಿ ಮಣ್ಣಿನ ತೆಳು ಪದರ ಬಳಿದು, ಅದರ ಮೇಲೆ ಬರೆದು, ಮೇಲೆ ಗಾಜಿನಂಥ ಗ್ಲೇಜ್ ಕೊಟ್ಟರು. ನನಗೆ ಈ ಬಿಳುಪೇ ಜಾಸ್ತಿ ಇಷ್ಟ. ಕಣ್ಣಿಗೆ ಮೆತ್ತಗಿದೆ.

ನಾನು ಬರೆದದ್ದು ಬರೀ ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ. ಗ್ಲೇಜಿನಲ್ಲಿ ಸೀಸ ಇರಲಿಲ್ಲ, ಆದರೂ ಹರಿಯಿತು.

ಬೋಗುಣಿಯ ಮೇಲಿನ ಅರಬ್ಬಿ ಮಾತಿನ ಅರ್ಥ ಇಷ್ಟು: ಕೆಲಸಕ್ಕೆ ಮುಂಚೆ ಯೋಚಿಸಿದರೆ ಆಮೇಲೆ ಪಶ್ಚಾತ್ತಾಪ ಇರೋದಿಲ್ಲ. ಕೊನೆಗೆ ಸಮೃದ್ಧಿ, ಶಾಂತಿ ಅಂತ ಹಾರೈಕೆ. ಪ್ಯಾರಿಸ್‌ನ ಲೂವ್ರ್‌ನಲ್ಲಿ ಇದೇ ಬಗೆಯ ತಟ್ಟೆಯೊಂದಿದೆ. ವಿದ್ಯೆಯ ರುಚಿ ಮೊದಲು ಕಹಿ, ಕೊನೆಗೆ ಜೇನಿಗಿಂತ ಸಿಹಿ ಅಂತ ಅದರ ಮೇಲಿದೆ. ಊಟದ ಪಾತ್ರೆಯಲ್ಲಿ ಇಂಥ ಮಾತು! ಬಡಿಸಿದ್ದು ಖಾಲಿಯಾಗುತ್ತಾ ಬಂದ ಹಾಗೆ ಒಂದೊಂದೇ ಅಕ್ಷರ ಕಾಣುತ್ತಿತ್ತೇನೋ. ಪಾತ್ರೆ ತಿರುಗಿಸಿ ತಿರುಗಿಸಿ ಓದಬೇಕು.

ಮೆಟ್ ಮ್ಯೂಸಿಯಂನವರೇ 1935ರಿಂದ 1940ರವರೆಗೆ, ಮತ್ತೆ 1947ರಲ್ಲಿ ನಿಶಾಪುರದಲ್ಲಿ ಅಗೆದಿದ್ದರು. ಕುಂಬಾರರ ಆವಿಗೆಗಳೂ ಸಿಕ್ಕವು. ಈ ಬೋಗುಣಿ ಮಾತ್ರ 1965ರಲ್ಲಿ ಕೊಂಡದ್ದು. ಬರೆದವರ ಹೆಸರು ಎಲ್ಲೂ ಇಲ್ಲ. ಆ ಕೈಗೆ ಅಲ್ಲೇ ನಿಂತು ಮನಸ್ಸಿನಲ್ಲಿ ನಮಸ್ಕಾರ ಹೇಳಿದೆ.

ಮಂಗಳವಾರ ಕ್ಲಾಸಿದೆ. ಕಪ್ಪು ಪುಡಿಯನ್ನು ಜೇಡಿಮಣ್ಣಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಅಮ್ಮನ ಹೆಸರು ಮತ್ತೆ ಬರೆಯುತ್ತೇನೆ.