ಸುರುಳಿಗೆ ಇನ್ನೊಂದು ಹೆಸರು ಬೇಕಿತ್ತು

2015ರ ಜುಲೈನಲ್ಲಿ ಒಂದು ವಾರ ಮುಂಬೈನಲ್ಲಿದ್ದೆ. ಅದರಲ್ಲಿ ಒಂದು ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ, ಉಳಿದದ್ದೆಲ್ಲ ಮಸುಕು. ಹೋಗಿದ್ದು 46ನೇ ಅಂತಾರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್‌ಗೆ, ಅಂದ್ರೆ ದೇಶ ದೇಶಗಳ ಪಿಯುಸಿ ವಯಸ್ಸಿನ ಮಕ್ಕಳ ಭೌತಶಾಸ್ತ್ರ ಸ್ಪರ್ಧೆಗೆ. ಸ್ಪರ್ಧಿಯಾಗಿ ಅಲ್ಲ ಬಿಡಿ, ಆ ವಯಸ್ಸು ದಾಟಿ ಇಪ್ಪತ್ತು ವರ್ಷವಾಗಿತ್ತು. ನಾನು ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಇಂಥ ಕೂಟ ನಡೆಯಬೇಕಾದರೆ ಕೆಲಸಕ್ಕೆ ನೂರಾರು ಕೈ ಬೇಕು. ಅದರಲ್ಲಿ ಎರಡು ನನ್ನವು. ಪ್ರಶ್ನೆಪತ್ರಿಕೆಗಳನ್ನು ಲಕೋಟೆಗೆ ತುಂಬುವುದು, ಆಮೇಲೆ ಉತ್ತರಪತ್ರಿಕೆ ತಿದ್ದುವುದು, ಇಷ್ಟೇ ನನ್ನ ಕೆಲಸ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಹತ್ತಿ ರಾತ್ರಿ ಮುಂಬೈನ ಸಿಎಸ್‌ಟಿ ಸ್ಟೇಷನ್ನಿನಲ್ಲಿ ಇಳಿದೆ. ಹೋಗಬೇಕಾದದ್ದು ಮಾನಖುರ್ದ್. ಲೋಕಲ್ ರೈಲಿನ ಹಾರ್ಬರ್ ಲೈನ್ ಹಿಡಿಯಿರಿ ಅಂತ ಹೇಳಿದ್ದರು, ಹಿಡಿದೆ. ಆದರೆ ಹಾರ್ಬರ್ ಲೈನ್ ವಡಾಳದ ನಂತರ ಎರಡಾಗಿ ಸೀಳುತ್ತದೆ ಅಂತ ಯಾರೂ ಹೇಳಿರಲಿಲ್ಲ. ಒಂದು ಕುರ್ಲಾ, ಚೆಂಬೂರ್ ಮೇಲೆ ಪನ್ವೇಲ್ ಕಡೆಗೆ, ಇನ್ನೊಂದು ಮಾಹಿಮ್ ಮೇಲೆ ಅಂಧೇರಿ ಕಡೆಗೆ. ನಾನು ಹತ್ತಿದ್ದು ಅಂಧೇರಿಯದ್ದು. ಕಿಂಗ್ಸ್ ಸರ್ಕಲ್ ಬಂದಾಗಲೂ ಗೊತ್ತಾಗಲಿಲ್ಲ, ಮಾಹಿಮ್ ಬಂದಾಗಲೂ ಗೊತ್ತಾಗಲಿಲ್ಲ. ಬಾಂದ್ರಾದಲ್ಲಿ ಪಕ್ಕದವರನ್ನು ಕೇಳಿದೆ, ಅವರು ನಕ್ಕರು. ಮತ್ತೆ ವಡಾಳಕ್ಕೆ ಬಂದು, ಗಾಡಿ ಬದಲಾಯಿಸಿ, ಮಾನಖುರ್ದ್ ತಲುಪಿದಾಗ ಹನ್ನೊಂದೂವರೆ. ನೀವು ಹೋದರೆ ಪ್ಲಾಟ್‌ಫಾರ್ಮ್ ನಂಬರ್ ನೋಡಬೇಡಿ, ಬೋರ್ಡಿನಲ್ಲಿ ಕೊನೆಯ ಸ್ಟೇಷನ್ ಹೆಸರು ನೋಡಿ. ಪನ್ವೇಲ್, ಬೇಲಾಪುರ ಅಥವಾ ವಾಶಿ ಅಂತಿದ್ದರೆ ಹತ್ತಿ. ಇನ್ನೊಂದು, ಜುಲೈ ಅಂದ್ರೆ ಮಳೆ ಅಂತ ದೊಡ್ಡ ಕೊಡೆ ಹೊತ್ತುಕೊಂಡು ಹೋಗಿದ್ದೆ. ಆ ರಾತ್ರಿ ನಾನು ನೆಂದಿದ್ದು ಬೆವರಿನಲ್ಲಿ.

ಮಾನಖುರ್ದ್‌ನಲ್ಲಿರುವುದು ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ. ನಮ್ಮ ದೇಶದ ವಿಜ್ಞಾನ ಒಲಿಂಪಿಯಾಡ್ ತಂಡಗಳು ತಯಾರಾಗುವುದು ಇಲ್ಲೇ. ಹೊರಗೆ ಲಾರಿ, ಧೂಳು, ಹಾರ್ನ್. ಗೇಟು ದಾಟಿದರೆ ಮರ, ನೆರಳು. ಅವರಿಗೆ ಇಂಥ ಕೂಟ ಹೊಸದೇನಲ್ಲ. 2001ರಲ್ಲಿ ರಸಾಯನಶಾಸ್ತ್ರದ್ದು, 2008ರಲ್ಲಿ ಜೀವಶಾಸ್ತ್ರದ್ದು ಮುಂಬೈನಲ್ಲೇ ನಡೆದಿತ್ತು. ಭೌತಶಾಸ್ತ್ರದ ಸರದಿ ಮಾತ್ರ ನಮಗೆ ಇದೇ ಮೊದಲು.

ಉದ್ಘಾಟನೆಯ ಬಗ್ಗೆ ಜಾಸ್ತಿ ಬರೆಯಲ್ಲ. ಭಾಷಣ, ದೀಪ, ನೃತ್ಯ, ಮತ್ತೆ ಭಾಷಣ. 80ಕ್ಕೂ ಹೆಚ್ಚು ದೇಶಗಳ ಸುಮಾರು 380 ಮಕ್ಕಳು. ಅವರಲ್ಲಿ ಹುಡುಗಿಯರು ತೀರಾ ಕಡಿಮೆ. ಅದನ್ನು ಯಾವ ಭಾಷಣದಲ್ಲೂ ಯಾರೂ ಎತ್ತಲಿಲ್ಲ.

ಉದ್ಘಾಟನೆ ಮುಗಿದ ಮೇಲೆ ಮಕ್ಕಳನ್ನೂ ಅವರ ಮೇಷ್ಟ್ರುಗಳನ್ನೂ ಬೇರೆ ಮಾಡುತ್ತಾರೆ. ಬೇರೆ ಹೋಟೆಲ್, ಬೇರೆ ಬಸ್. ಮಕ್ಕಳ ಫೋನು ಕಿತ್ತುಕೊಳ್ಳುತ್ತಾರೆ. ಯಾಕೆ ಅಂದ್ರೆ, ಇಲ್ಲಿ ಪ್ರಶ್ನೆಪತ್ರಿಕೆ ಆ ಮೇಷ್ಟ್ರುಗಳ ಕೈಯಲ್ಲೇ ಇರುತ್ತದೆ. ನನಗೆ ಅದು ಗೊತ್ತೇ ಇರಲಿಲ್ಲ.

ಪ್ರಶ್ನೆ ತಯಾರಿಸುವುದು ಆತಿಥೇಯ ದೇಶ. ಆದರೆ ಅಂತಾರಾಷ್ಟ್ರೀಯ ಮಂಡಳಿ ಒಪ್ಪುವವರೆಗೆ ಅದು ಬರೀ ಕರಡು. ಮಂಡಳಿ ಅಂದ್ರೆ ಎಲ್ಲೋ ಕೂತಿರುವ ದೊಡ್ಡ ಮನುಷ್ಯರು ಅಂದುಕೊಂಡಿದ್ದೆ. ಅಲ್ಲ, ತಂಡಗಳ ಜೊತೆ ಬಂದ ಮೇಷ್ಟ್ರುಗಳೇ ಅದು, ದೇಶಕ್ಕೆ ಇಬ್ಬರು ಲೀಡರ್. ಪರೀಕ್ಷೆಗೆ ಸ್ವಲ್ಪ ಮುಂಚೆ ಅವರಿಗೆ ಪ್ರಶ್ನೆ ತೋರಿಸುತ್ತಾರೆ, ಅಲ್ಲಿಂದ ಶುರು. ಈ ವಾಕ್ಯ ಎರಡು ಅರ್ಥ ಕೊಡುತ್ತೆ, ಈ ಚಿತ್ರದಲ್ಲಿ ಬಾಣ ತಪ್ಪಿದೆ, ಇದಕ್ಕೆ ಇಷ್ಟು ಅಂಕ ಜಾಸ್ತಿ ಆಯ್ತು. ಒಮ್ಮತ ಬರದಿದ್ದರೆ ಮತ. ದೊಡ್ಡ ದೇಶಕ್ಕೂ ಚಿಕ್ಕ ದೇಶಕ್ಕೂ ಅಲ್ಲಿ ಒಂದೇ ತೂಕ. ಎಲ್ಲ ಮುಗಿದ ಮೇಲೆ ಲೀಡರುಗಳು ಕೂತು ತಂತಮ್ಮ ಭಾಷೆಗೆ ಅನುವಾದ ಮಾಡುತ್ತಾರೆ. ಬೆಳಿಗ್ಗೆ ಮಗು ತನ್ನ ಭಾಷೆಯ ಪ್ರಶ್ನೆಪತ್ರಿಕೆ ತೆಗೆದು ಓದುತ್ತದೆ.

ಪ್ರಯೋಗದ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಲಕೋಟೆ ಕೆಲಸ. ನಮ್ಮ ಫೋನುಗಳೂ ಹೋಗಿದ್ದವು. ಪ್ರಿಂಟರಿನಿಂದ ಹಾಳೆ ಬರುತ್ತಿತ್ತು, ನಾವು ಪುಟ ಎಣಿಸಿ, ಮಗುವಿನ ಕೋಡ್ ನೋಡಿ, ತುಂಬಿ ಅಂಟಿಸುತ್ತಿದ್ದೆವು. ಥಾಯ್ ಬಂತು. ಬಲದಿಂದ ಎಡಕ್ಕೆ ಓದುವ ಪರ್ಷಿಯನ್ ಬಂತು. ಎರಡು ಗಂಟೆ ದಾಟಿರಬೇಕು, ಪ್ರಿಂಟರ್ ಬಾಯಿಂದ ಒಂದು ಕಟ್ಟು ಹಾಳೆ ಹೊರಬಂತು, ಎದೆ ಝಲ್ಲೆಂದಿತು. ದುಂಡು ದುಂಡು ಅಕ್ಷರ, ಸಾಲು ಸಾಲು ಸುತ್ತು, ಕೊಂಡಿ. ಕನ್ನಡ! ಯಾರು ಮಾಡಿದರು ಇದನ್ನು? ಓಡಿಹೋಗಿ ಎತ್ತಿಕೊಂಡೆ. ಓದಲು ಹೋದರೆ ಒಂದಕ್ಷರವೂ ಆಗಲಿಲ್ಲ. ಅದು ಜಾರ್ಜಿಯನ್. ದೂರದಿಂದ ನಿದ್ದೆಗಣ್ಣಿಗೆ ಥೇಟ್ ನಮ್ಮ ಲಿಪಿ. ನೀವೂ ಒಮ್ಮೆ ನೋಡಿ, ನನ್ನನ್ನು ಹುಚ್ಚ ಅನ್ನಲ್ಲ.

ಬಾಗಿಲಲ್ಲಿ ನಿಂತಿದ್ದ ಒಬ್ಬ ಲೀಡರ್ ನನ್ನ ಓಟ ನೋಡಿ ನಗುತ್ತಿದ್ದರು. ಯುರೋಪಿನ ಒಂದು ಪುಟ್ಟ ದೇಶದವರು, ಯಾವುದು ಅನ್ನುವುದು ಬೇಡ. ಇಡೀ ದೇಶದ ಜನ ಸೇರಿದರೂ ಬೆಂಗಳೂರಿನ ಅರ್ಧ ಆಗಲ್ಲ. ತಮ್ಮ ಅನುವಾದ ಮುಗಿಸಿ ಚಹಾ ಹುಡುಕಿಕೊಂಡು ಬಂದಿದ್ದರು. ಇಬ್ಬರೂ ಲೋಟ ಹಿಡಿದು ಕೂತೆವು. ನಾನು ಏನಾಯ್ತು ಅಂತ ಹೇಳಿದೆ.

"ನಿಮ್ಮ ಭಾಷೆ ಎಷ್ಟು ಜನ ಮಾತಾಡ್ತಾರೆ?"

"ನಾಲ್ಕು ಕೋಟಿಗೂ ಜಾಸ್ತಿ."

ಅವರು ಸೊನ್ನೆ ತಪ್ಪು ಹೇಳಿದೆನೇನೋ ಅಂತ ಮತ್ತೆ ಕೇಳಿದರು. ಮತ್ತೆ ಹೇಳಿದೆ.

"ಹಾಗಾದ್ರೆ ನಿಮ್ಮ ಹುಡುಗರಿಗೆ ಆ ಭಾಷೆಯಲ್ಲಿ ಕೊಡಲ್ವಾ?"

ನಮ್ಮ ತಂಡ ಇಂಗ್ಲಿಷಿನಲ್ಲೇ ಬರೆಯುತ್ತದೆ ಅಂದೆ. ನಮ್ಮೂರಲ್ಲಿ ಪಿಯುಸಿ ವಿಜ್ಞಾನವೇ ಇಂಗ್ಲಿಷಿನಲ್ಲಿ ಅಂದೆ. ದೇಶದಲ್ಲಿ ಭಾಷೆ ಬಹಳ, ಯಾವುದಕ್ಕಂತ ಮಾಡೋದು ಅಂದೆ. ಹೇಳುತ್ತಾ ಹೋದ ಹಾಗೆ ನನಗೇ ಸಾಲದು ಅನ್ನಿಸಿತು.

"ಮನೆಯಲ್ಲಿ ಇಂಗ್ಲಿಷ್ ಮಾತಾಡ್ತಾರಾ ಅವರು?"

"ಬಹಳ ಜನ ಇಲ್ಲ."

"ಅಂದ್ರೆ ಅನುವಾದ ಇದ್ದೇ ಇದೆ. ನಮ್ಮಲ್ಲಿ ಮೇಷ್ಟ್ರು ನಿದ್ದೆಗೆಟ್ಟು ಮಾಡ್ತಾರೆ, ನಿಮ್ಮಲ್ಲಿ ಹುಡುಗನೇ ಪರೀಕ್ಷೆಯ ಐದು ಗಂಟೆಯೊಳಗೆ ತಲೆಯಲ್ಲಿ ಮಾಡ್ಕೋತಾನೆ."

ಚುಚ್ಚಲು ಹೇಳಿದ್ದಲ್ಲ, ಸುಮ್ನೆ ಹೇಳಿದ್ದು. ಅದಕ್ಕೇ ಜಾಸ್ತಿ ತಾಗಿತು. ನನ್ನ ಕ್ಲಾಸಿನಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಮೊದಲ ಮೂರು ತಿಂಗಳು ಹೇಗೆ ಮೂಕರಾಗಿ ಕೂತಿರುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

"ಈಗ ಮಾಡಿ ನೋಡಿ" ಅಂತ ಒಂದು ಖಾಲಿ ಹಾಳೆ ಕೊಟ್ಟರು.

ಪ್ರಯೋಗದ ಮೊದಲ ಪ್ರಶ್ನೆ ಬಹಳ ಚಂದದ್ದು. 1952ರಲ್ಲಿ ವಿಜ್ಞಾನಿ ರೊಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ಡಿಎನ್‌ಎ ಮೇಲೆ ಎಕ್ಸ್‌ರೇ ಬಿಟ್ಟು ತೆಗೆದ ‘ಫೋಟೋ 51’ ಇದೆಯಲ್ಲ, ನಡುವೆ ಇಂಟು ಗುರುತು ಇರುವುದು, ಡಿಎನ್‌ಎ ಸ್ಪ್ರಿಂಗಿನ ಥರ ಸುತ್ತಿಕೊಂಡಿದೆ ಅನ್ನುವುದಕ್ಕೆ ಸುಳಿವು ಕೊಟ್ಟದ್ದು, ಅದನ್ನೇ ಮಕ್ಕಳು ಮೇಜಿನ ಮೇಲೆ ಮಾಡಿ ನೋಡಬೇಕು. ಎಕ್ಸ್‌ರೇ ಬದಲು ಲೇಸರ್, ಡಿಎನ್‌ಎ ಬದಲು ಒಂದು ಪುಟಾಣಿ ಸ್ಪ್ರಿಂಗ್. ಸ್ಪ್ರಿಂಗಿಗೆ ಲೇಸರ್ ಬಿಟ್ಟರೆ ಎದುರಿನ ಪರದೆ ಮೇಲೆ ಅದೇ ಇಂಟು ಬೀಳುತ್ತದೆ. ಇನ್ನೊಂದು ಪ್ರಯೋಗ ನೀರಿನ ಮೇಲಿನ ಸಣ್ಣ ಅಲೆಗಳಿಂದ ಮೇಲ್ಮೈ ಕರ್ಷಣ, ಅಂದ್ರೆ ನೀರಿನ ಮೇಲ್ಪದರದ ಬಿಗಿತ, ಅಳೆಯುವುದು. ಇಂಥದ್ದನ್ನು 380 ಮೇಜುಗಳಿಗೆ ಒಂದೇ ಥರ ಮಾಡಿ ಇಡಬೇಕು ಅಂದ್ರೆ ಎಷ್ಟು ತಿಂಗಳ ಕೆಲಸ ಯೋಚಿಸಿ!

ಬರೆಯಲು ಕೂತೆ. ‘ಸುರುಳಿ ರಚನೆಯಿಂದ ಆಗುವ ವಿವರ್ತನೆ’. ವಿವರ್ತನೆ ಅಂದ್ರೆ ಬೆಳಕು ಸಣ್ಣ ವಸ್ತುಗಳ ಅಂಚಿನಲ್ಲಿ ಬಾಗಿ ಹರಡುವುದು. ಅಷ್ಟಕ್ಕೇ ನಿಂತೆ. ಸುರುಳಿ ಅಂದ್ರೆ ಯಾವ ಸುರುಳಿ? ಚಕ್ಕುಲಿಯೂ ಸುರುಳಿ, ಪೆನ್ನಿನ ಸ್ಪ್ರಿಂಗೂ ಸುರುಳಿ, ತಂತಿ ಸುತ್ತಿದರೆ ಅದೂ ಸುರುಳಿ. ಚಕ್ಕುಲಿ ಮಟ್ಟಸವಾಗಿ ಹರಡುತ್ತದೆ, ಸ್ಪ್ರಿಂಗು ಮೇಲಕ್ಕೆ ಏರುತ್ತದೆ. ಗಣಿತದಲ್ಲಿ ಎರಡೂ ಬೇರೆ ಬೇರೆ. ಸ್ಪ್ರಿಂಗಿನ ಥರ ಏರುವ ಆಕಾರಕ್ಕೆ ಇಂಗ್ಲಿಷಿನಲ್ಲಿ ಹೀಲಿಕ್ಸ್ ಅಂತಾರೆ, ಅದಕ್ಕೆ ನನ್ನ ಹತ್ತಿರ ಬೇರೆ ಪದವೇ ಇಲ್ಲ. ತಿರುಪು ಅನ್ನೋಣವಾ? ಅದು ಸ್ಕ್ರೂ. ಬಳ್ಳಿಸುತ್ತು? ಕೇಳಲು ಚೆನ್ನಾಗಿದೆ, ಆದರೆ ನಾನು ಹೇಳಿದರೆ ಯಾರು ಒಪ್ಪುತ್ತಾರೆ?

ಅವರಿಗೆ ಚಕ್ಕುಲಿ ಅಂದ್ರೇನು ಅಂತ ವಿವರಿಸಲಿಕ್ಕೇ ಐದು ನಿಮಿಷ ಹಿಡಿಯಿತು. ಕೇಳಿ ಅವರು ಹೇಳಿದ್ದು ಇಷ್ಟು: "ನಮಗೂ ಎಷ್ಟೋ ಪದ ಇರಲಿಲ್ಲ. ಇಲ್ಲದಿದ್ರೆ ರಾತ್ರಿಯೇ ಹುಟ್ಟಿಸ್ಬೇಕು. ಬೆಳಿಗ್ಗೆ ಹುಡುಗ ಓದ್ತಾನೆ, ಮುಂದಿನ ವರ್ಷ ಬೇರೆ ಲೀಡರ್ ಅದನ್ನೇ ಬಳಸ್ತಾನೆ. ಒಪ್ಪೋದು ಬಿಡೋದು ಆಮೇಲೆ."

ಆಮೇಲೆ ಮಾತು ಮಂಡಳಿ ಕಡೆ ತಿರುಗಿತು. 1967ರಲ್ಲಿ ವಾರ್ಸಾದಲ್ಲಿ ಬರೀ ಐದು ದೇಶಗಳಿಂದ ಶುರುವಾಗಿದ್ದು ಈ ಒಲಿಂಪಿಯಾಡ್. ಪೋಲೆಂಡಿನ ವಾಲ್ಡೆಮಾರ್ ಗೊರ್ಜ್‌ಕೊವ್‌ಸ್ಕಿ ಎಷ್ಟೋ ವರ್ಷ ಅದರ ಅಧ್ಯಕ್ಷರಾಗಿದ್ದರು. 2007ರಲ್ಲಿ ಇರಾನಿನ ಇಸ್ಫಹಾನ್‌ನಲ್ಲಿ ಒಲಿಂಪಿಯಾಡ್ ನಡೆಯುತ್ತಿದ್ದಾಗಲೇ ತೀರಿಕೊಂಡರು. ಅದನ್ನು ಹೇಳುವಾಗ ಆ ಲೀಡರ್ ದನಿ ಇಳಿಯಿತು. ಆಮೇಲೆ ಎದ್ದು ಲೋಟ ಇಟ್ಟು, ನಾಳೆ ಅಂಕದ ಮೇಜಿನಲ್ಲಿ ಸಿಕ್ಕರೆ ಜಗಳ ಆಡ್ತೀನಿ ಅಂತ ಹೇಳಿ ಹೋದರು.

ಬೆಳಿಗ್ಗೆ ಐದಕ್ಕೆ ಕೊನೆಯ ಲಕೋಟೆ ಅಂಟಿಸಿ ಹೊರಟೆ. ಬಾಗಿಲಲ್ಲಿ ಕಾವಲಿನ ಹುಡುಗಿ ಕೈ ಚಾಚಿದಳು. ಒಳಗಿನ ಒಂದು ಹಾಳೆಯೂ ಹೊರಗೆ ಹೋಗುವಂತಿಲ್ಲ. ನನ್ನ ಅರ್ಧ ವಾಕ್ಯದ ಕನ್ನಡ, ಪಕ್ಕದಲ್ಲಿ ಬಿಡಿಸಿದ ಚಕ್ಕುಲಿ, ಎರಡನ್ನೂ ತೋರಿಸಿದೆ. ಅವಳು ಓದಲಾಗದೆ ಒಮ್ಮೆ ನೋಡಿ, ಯಂತ್ರಕ್ಕೆ ಕೊಟ್ಟಳು. ಶಾವಿಗೆಯಂತೆ ಉದುರಿತು.

ಜಗಳ ಆಡಲು ಅವರು ನನ್ನ ಮೇಜಿಗೆ ಬರಲಿಲ್ಲ, ಬೇರೆಯವರು ಬಂದರು. ಇದೂ ಒಂದು ಪದ್ಧತಿ. ಉತ್ತರಪತ್ರಿಕೆಯ ಪ್ರತಿಯನ್ನು ಲೀಡರುಗಳೂ ಬೇರೆಯಾಗಿ ತಿದ್ದಿಕೊಂಡು ಬರುತ್ತಾರೆ, ಎದುರು ಬದುರು ಕೂತು ತಾಳೆ ನೋಡುತ್ತಾರೆ. ಒಟ್ಟು 50 ಅಂಕ, ಥಿಯರಿಗೆ 30, ಪ್ರಯೋಗಕ್ಕೆ 20. ವಾದ ನಡೆಯುವುದು 0.1, 0.2ಕ್ಕೆ. ಹುಡುಗ ತನ್ನ ಭಾಷೆಯಲ್ಲಿ ಒಂದು ಸಾಲು ಬರೆದಿರುತ್ತಾನೆ, ನನಗೆ ಗೊತ್ತಾಗಲ್ಲ, ಲೀಡರ್ ಅದನ್ನು ಓದಿ ಹೇಳುತ್ತಾರೆ, ನಾನು ನಂಬಬೇಕು. ಒಬ್ಬರಂತೂ ಓದಿ, ತಾವೇ ತಲೆ ಆಡಿಸಿ, "ಇಲ್ಲ, ಇದು ತಪ್ಪೇ" ಅಂದು ಎದ್ದು ಹೋದರು. ಪದಕದ ಗೆರೆ ಎಲ್ಲಿ ಅಂತ ಮಂಡಳಿ ತೀರ್ಮಾನಿಸುವಾಗ ಹೆಸರುಗಳೇ ಇರುವುದಿಲ್ಲ. ಬರೀ ಅಂಕಗಳ ಪಟ್ಟಿ. ಮೇಲಿನ ನೂರಕ್ಕೆ ಎಂಟರಷ್ಟು ಮಕ್ಕಳಿಗೆ ಚಿನ್ನ. ಬೆಳ್ಳಿ ಕಂಚು ಎಲ್ಲ ಸೇರಿ ಅರ್ಧದಷ್ಟು ಮಕ್ಕಳಿಗೆ ಪದಕ ಸಿಗುತ್ತದೆ.

ಸಮಾರೋಪಕ್ಕೆ ಹೋಗಲಿಲ್ಲ. ವಾರವಿಡೀ ಹೋಟೆಲ್ ಬಫೆ ತಿಂದು ನಾಲಿಗೆ ಸತ್ತಿತ್ತು. ಎಲ್ಲದರಲ್ಲೂ ಒಂದೇ ಕೆಂಪು ಗ್ರೇವಿ. ಮಾನಖುರ್ದ್‌ನಿಂದ ಕುರ್ಲಾ, ಅಲ್ಲಿ ಬದಲಾಯಿಸಿ ಮಾಟುಂಗಾ. ಸ್ಟೇಷನ್ ಪಕ್ಕದಲ್ಲೇ ರಾಮಾ ನಾಯಕರ ಉಡುಪಿ ಬೋರ್ಡಿಂಗ್, 1942ರಿಂದ ಇದೆ. ಬಾಳೆ ಎಲೆ, ಬಿಸಿ ಅನ್ನ. ಬಡಿಸುವವರು ನಾನು ಬಾಯಿ ತೆರೆಯುವ ಮೊದಲೇ ಕನ್ನಡದಲ್ಲಿ ಮಾತಾಡಿಸಿದರು. ಯಾವೂರು ಸಾರ್? ಕಲಬುರಗಿ ಅಂದೆ. ಜೇಬಿನ ಪೆನ್ನು ಬಿಚ್ಚಿ ಸ್ಪ್ರಿಂಗ್ ತೆಗೆದು ಎಲೆಯ ಪಕ್ಕ ಇಟ್ಟು, ಇದಕ್ಕೆ ಕನ್ನಡದಲ್ಲಿ ಏನಂತೀರಿ ಅಂತ ಕೇಳಿದೆ.

ಬಗ್ಗಿ ನೋಡಿದರು. "ಇದಾ? ಸ್ಪ್ರಿಂಗ್ ಅಲ್ವಾ ಸಾರ್. ಸಾರು ಹಾಕ್ಲಾ?"