ಮಹಾಗಾಂವ್ ದಾಟಿದ ಮೇಲಿನ ಓಟ

ಬೀದರಿನ ಗೆಳೆಯರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಕಲಬುರಗಿಯಿಂದ ಬೆಳಗಿನ ಬಸ್ ಹಿಡಿದೆ. ಜೊತೆಗೆ ಅಕ್ಕನ ಮಗ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿರುವ ಹುಡುಗ. ನಮ್ಮ ಕಡೆ ಈ ತಯಾರಿ ಎಂದರೆ ಪುಸ್ತಕಕ್ಕಿಂತ ಮೊದಲು ಓಟ: 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ನಸುಕಿನಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಯಾವ ರಸ್ತೆಗೆ ಹೋದರೂ ಇಂಥ ಹುಡುಗರು ಎದುರಾಗುತ್ತಾರೆ. ಒಂದು ಮೈಲಿ ಎಂದರೆ 1609 ಮೀಟರ್. ಅವರೆಲ್ಲ ಮೈಲಿ ಓಟಗಾರರೇ. ಆ ಹೆಸರಿನಿಂದ ಅವರನ್ನು ಯಾರೂ ಕರೆದಿಲ್ಲ, ಅಷ್ಟೇ.

ಮಹಾಗಾಂವ್ ಕ್ರಾಸ್ ಬಂದಾಗ ಅವನು ಕೇಳಿದ: ‘ಮಾಮಾ, ಮ್ಯಾರಥಾನ್ ಎಂದರೆ ಎಷ್ಟು ದೂರ?’

‘ನಮ್ಮ ಬಸ್ ನಿಲ್ದಾಣದಿಂದ ಓಡಲು ಹತ್ತಿದರೆ ಕಮಲಾಪುರ ದಾಟಿ ಇನ್ನೂ ಮುಂದೆ. 42 ಕಿಲೋಮೀಟರ್, 195 ಮೀಟರ್.’

‘ಅಷ್ಟು ದೂರವಾದರೆ ನಿಧಾನಕ್ಕೆ ಓಡುತ್ತಾರೆ, ಅಲ್ಲವೇ?’

ಈ ಮಾತನ್ನು ಹಾಗೇ ಬಿಡಲು ನನ್ನಿಂದ ಆಗಲಿಲ್ಲ. ವರ್ಷಗಳಿಂದ ಈ ಓಟಗಳನ್ನು ನೋಡುತ್ತ, ಐದೈದು ಕಿಲೋಮೀಟರಿನ ಸಮಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವನು ನಾನು. 2023ರ ಅಕ್ಟೋಬರ್ 8ರಂದು ಚಿಕಾಗೊದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 0 ನಿಮಿಷ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದನ್ನು ಹೇಳಿದೆ. ಸರಾಸರಿ ಹಿಡಿದರೆ ಮೈಲಿಗೆ 4 ನಿಮಿಷ 36 ಸೆಕೆಂಡ್. ಆದರೆ ಸರಾಸರಿ ಅಸಲು ಸಂಗತಿಯನ್ನು ಮುಚ್ಚಿಡುತ್ತದೆ. ಮೊದಲರ್ಧಕ್ಕೆ ಅವನು ತೆಗೆದುಕೊಂಡದ್ದು 60 ನಿಮಿಷ 48 ಸೆಕೆಂಡ್, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡ್. 30ರಿಂದ 35ನೇ ಕಿಲೋಮೀಟರಿನವರೆಗಿನ ದೂರವನ್ನು 13 ನಿಮಿಷ 51 ಸೆಕೆಂಡಿನಲ್ಲಿ ಓಡಿದ್ದ. ಲೆಕ್ಕ ಹಾಕಿದರೆ ಆ ಭಾಗದಲ್ಲಿ ಪ್ರತಿ ಮೈಲಿಗೆ 4 ನಿಮಿಷ 28 ಸೆಕೆಂಡೂ ತುಂಬುವುದಿಲ್ಲ.

ಕಿಟಕಿಯಾಚೆ ತೊಗರಿ ಹೊಲಗಳು ಸರಿಯುತ್ತಿದ್ದವು. ‘ಅಂದರೆ ಸುಮಾರಾಗಿ ಇದೇ ಜಾಗ’ ಎಂದು ತೋರಿಸಿದೆ. ‘ಕಲಬುರಗಿಯಿಂದ ಓಡಿಕೊಂಡು ಬಂದವನು ಮಹಾಗಾಂವ್ ದಾಟಿ, ಕಮಲಾಪುರ ಹತ್ತಿರವಾದಾಗ ವೇಗ ಹೆಚ್ಚಿಸಿದ.’ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಇಂಧನ ತೀರುತ್ತ ಬಂದು ಹೆಚ್ಚಿನವರ ಕಾಲು ಕಲ್ಲಾಗುವುದು ಮೂವತ್ತನೇ ಕಿಲೋಮೀಟರಿನ ಆಸುಪಾಸಿನಲ್ಲೇ. ದಣಿಯದ ಕಾಲಿನಲ್ಲಿ ಒಂದು ಮೈಲಿಯನ್ನು ಇದಕ್ಕಿಂತ ಬೇಗ ಓಡುವವರು ಬಹಳ ಜನ. 1954ರಲ್ಲೇ ರೋಜರ್ ಬ್ಯಾನಿಸ್ಟರ್ ಆಕ್ಸ್‌ಫರ್ಡಿನಲ್ಲಿ 3 ನಿಮಿಷ 59.4 ಸೆಕೆಂಡಿಗೆ ಮುಗಿಸಿದ್ದರು. ನನಗೆ ಮಾತ್ರ ಹಿಂದೆ ಹದಿನೆಂಟು ಮೈಲಿ ಇರುವ ಮೈಲಿಯೇ ದೊಡ್ಡದು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಹುಡುಗ ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದ. ಕಿಪ್ಟಮ್ 2024ರ ಫೆಬ್ರುವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ, ಆಗ ಅವನಿಗೆ ಇಪ್ಪತ್ತನಾಲ್ಕೇ ವರ್ಷ ಎಂದು ಹೇಳಿದ್ದೆ. ಓಡಿದ್ದ ಮ್ಯಾರಥಾನ್‌ಗಳು ಮೂರು, ಮೂರನ್ನೂ ಗೆದ್ದಿದ್ದ.

ಮರುದಿನ ನಸುಕಿನಲ್ಲಿ ಗೆಳೆಯರ ಬೈಕ್ ತೆಗೆದುಕೊಂಡು ಅಷ್ಟೂರಿನ ರಸ್ತೆಗೆ ಹೋದೆವು. ಊರಿನ ಅಂಚು ಮುಗಿದು ನೆಲ ತಗ್ಗಿಗೆ ಇಳಿಯುವ ಕಡೆ ಜಂಬಿಟ್ಟಿಗೆ ಕಲ್ಲಿನ ಚೂರಿನಿಂದ ಡಾಂಬರಿನ ಮೇಲೆ ಕೆಂಪು ಗೆರೆ ಎಳೆದೆ. ಬೈಕಿನ ಮೀಟರ್ ನೋಡಿಕೊಂಡು 1.6 ಕಿಲೋಮೀಟರಿಗೆ ಇನ್ನೊಂದು ಗೆರೆ. ಹುಡುಗ 5 ನಿಮಿಷ 21 ಸೆಕೆಂಡಿಗೆ ಮುಟ್ಟಿದ. ಕಲಬುರಗಿಯ ಮೈದಾನದಲ್ಲಿ ಅವನಿಗೆ 5 ನಿಮಿಷ 40 ಸೆಕೆಂಡಿಗಿಂತ ಕೆಳಗೆ ಬಂದ ನೆನಪಿಲ್ಲ. ಕುಣಿದಾಡಿದ.

ಅವನ ಸಂತೋಷ ಕೆಡಿಸಲು ಮನಸ್ಸಿರಲಿಲ್ಲ, ಆದರೂ ಹೇಳಲೇಬೇಕಾಯಿತು: ಇದರಲ್ಲಿ ಇಳಿಜಾರಿನ ಪಾಲಿದೆ. ಅಮೆರಿಕದ ಬಾಸ್ಟನ್ ಮ್ಯಾರಥಾನ್ ಹೀಗೆಯೇ. ಹಾಪ್ಕಿಂಟನ್ ಎಂಬ ಊರಿನಿಂದ ಹೊರಟು ನಗರಕ್ಕೆ ಇಳಿಯುವ ಹಾದಿ ಅದು. ಅಲ್ಲಿಯ ಸಮಯವನ್ನು ವಿಶ್ವದಾಖಲೆಗೆ ಪರಿಗಣಿಸುವುದಿಲ್ಲ. ಆದರೆ ಬಾಸ್ಟನ್ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಹದಿನಾರನೇ ಮೈಲಿಯ ನಂತರ ನ್ಯೂಟನ್ ಎಂಬ ಊರಿನ ಏರುಗಳು ಶುರುವಾಗಿ ತೊಡೆಯ ಕಸುವನ್ನು ಹೀರುತ್ತವೆ, ಇಳಿಜಾರು ಮತ್ತೆ ಸಿಗುವುದು ಅವುಗಳನ್ನು ಹತ್ತಿದ ಮೇಲೆ. 2022ರಲ್ಲಿ ಕೀನ್ಯಾದ ಇವಾನ್ಸ್ ಚೆಬೆಟ್ ಆ ಏರುಗಳನ್ನು ದಾಟಿ 35ರಿಂದ 40ನೇ ಕಿಲೋಮೀಟರನ್ನು 13 ನಿಮಿಷ 55 ಸೆಕೆಂಡಿನಲ್ಲಿ ಓಡಿ ಗೆದ್ದ. ವೇಗದ ಮೈಲಿಗಳ ಪಟ್ಟಿ ಮಾಡುವವರು ಸಮಯದ ಪಕ್ಕದಲ್ಲಿ ನೆಲದ ಏರಿಳಿತವನ್ನೂ ಬರೆಯಬೇಕು.

‘ಹಾಗಾದರೆ ಕಿಪ್ಟಮ್ ವೇಗ ಎಷ್ಟೆಂದು ತೋರಿಸಿ ಮಾಮಾ’ ಎಂದ. ಚಿಕಾಗೊದ ಆ 30ರಿಂದ 35ನೇ ಕಿಲೋಮೀಟರಿನವರೆಗೆ ಗಂಟೆಗೆ 21.7 ಕಿಲೋಮೀಟರ್. ಸಮತಟ್ಟಾದ ಕಡೆ ಬೈಕನ್ನು 21ರಿಂದ 22ರ ನಡುವೆ ಹಿಡಿದು ಓಡಿಸಿದೆ, ಅವನು ಪಕ್ಕದಲ್ಲಿ ಓಡಿದ. ಮೊದಲ ಇನ್ನೂರು ಮೀಟರ್ ಅವನ ಹೆಜ್ಜೆಯ ಸಪ್ಪಳವೇ ಕೇಳಲಿಲ್ಲ. ಮುನ್ನೂರರ ಹೊತ್ತಿಗೆ ಅಂಗಾಲು ನೆಲಕ್ಕೆ ಚಪ್ಪಳಿಸತೊಡಗಿತು, ಭುಜ ಕಿವಿಯ ಕಡೆ ಏರಿತು. ನಾನೂರು ದಾಟಿದ್ದೇ ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತ ಹೋದ. ತಿರುಗಿ ಬಂದಾಗ ಮಂಡಿಗಳ ಮೇಲೆ ಕೈಯೂರಿ ನಿಂತಿದ್ದ. ಗದ್ದದಿಂದ ಬೆವರು ತೊಟ್ಟಿಕ್ಕಿ ರಸ್ತೆಯಂಚಿನ ಕೆಂಪು ಮಣ್ಣಿನಲ್ಲಿ ಕಪ್ಪು ಚುಕ್ಕೆಗಳಾಗಿದ್ದವು.

‘ಮೈದಾನದ ಒಂದು ಸುತ್ತಿನಷ್ಟು’ ಎಂದ ಏದುಸಿರಿನಲ್ಲಿ.

‘ಅವನು ಇಂಥ ಹನ್ನೆರಡೂವರೆ ಸುತ್ತು ಓಡಿದ. ಮೂವತ್ತು ಕಿಲೋಮೀಟರ್ ಆದ ಮೇಲೆ.’

ಅವನು ತನ್ನ ಸವೆದ ಬೂಟುಗಳನ್ನು ನೋಡಿಕೊಂಡ. ಕಾರ್ಬನ್ ಪಟ್ಟಿ ಇಟ್ಟ ಹೊಸ ಬೂಟುಗಳು ನೆರವಾಗುತ್ತವೆ, ಅದನ್ನು ಮುಚ್ಚಿಡಲಿಲ್ಲ. ಅದರ ಜೊತೆಗೇ ಶಿವನಾಥ್ ಸಿಂಗ್ ಅವರ ಕಥೆ ಹೇಳಿದೆ. ಬರಿಗಾಲ ಓಟಕ್ಕೆ ಹೆಸರಾದವರು ಅವರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಮೈಲಿಗೆ 5 ನಿಮಿಷ 2 ಸೆಕೆಂಡಿನಂತೆ ಇಪ್ಪತ್ತಾರು ಮೈಲಿ. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕ ಕಳೆದರೂ ಅಲುಗಲಿಲ್ಲ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ನೆರಳಿನಲ್ಲಿ ಕುಳಿತೆವು. ಸಿಡಿಲು ಬಡಿದು ಸೀಳಿದ ಹುಮಾಯೂನನ ಗುಮ್ಮಟ ಅರ್ಧ ಹಾಗೇ ನಿಂತಿದೆ. ಅಹ್ಮದ್ ಶಾ ವಲಿಯ ಗೋರಿಯ ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಬಣ್ಣದ ಬಳ್ಳಿಗಳು ಒಂದೊಂದಾಗಿ ಮೂಡುತ್ತವೆ. ಈ ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬುವವರೂ ಇದ್ದಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದುಕೊಂಡೇ ಬರುತ್ತಾರೆ. ಅಷ್ಟು ದೂರವನ್ನು ನಡೆಯುವವರು ಮೊದಲ ದಿನವೇ ಕಾಲು ಸೋಲಿಸಿಕೊಳ್ಳುವುದಿಲ್ಲ ಎಂದು ಹುಡುಗನೇ ಹೇಳಿದ. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಸಂಜೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗೋಣ ಎಂದ. ಸುಸಲಾ, ಮಿರ್ಚಿ ಭಜ್ಜಿಗೆ ಗೆಳೆಯರು ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ. ಪ್ರತಿ ಸಲ ಮೊದಲ ಸುತ್ತಿನಲ್ಲೇ ಜಿಂಕೆಯಂತೆ ಹಾರಿ ಮೂರನೆಯದರಲ್ಲಿ ಕುಸಿಯುತ್ತಿದ್ದವನು ಅಂದು ಮೊದಲೆರಡು ಸುತ್ತನ್ನು ಬಾಯಿ ಮುಚ್ಚಿಕೊಂಡೇ ಓಡಿದ. ಅರ್ಧಕ್ಕೆ 2 ನಿಮಿಷ 51 ಸೆಕೆಂಡ್. ಮೂರನೆಯದರಲ್ಲಿ ಮುಂದಿದ್ದ ಇಬ್ಬರನ್ನು ದಾಟಿದ. ನಾಲ್ಕನೆಯದರಲ್ಲಿ ಅಂಗಾಲಿನ ಸಪ್ಪಳ ಮತ್ತೆ ಕೇಳಿಸಿತು, ಆದರೆ ಭುಜ ಏರಲಿಲ್ಲ. 5 ನಿಮಿಷ 36 ಸೆಕೆಂಡ್. ನೋಟ್‌ಬುಕ್ ತೆಗೆದು, ಚಿಕಾಗೊದ ಪುಟದ ಎದುರು ಪುಟದಲ್ಲಿ, ಎರಡು ಅರ್ಧಗಳನ್ನೂ ಬೇರೆ ಬೇರೆಯಾಗಿ ಬರೆದೆ.

ವಾಪಸು ಬರುವಾಗ ಹುಮನಾಬಾದ್ ದಾಟುವ ಮೊದಲೇ ನಿದ್ದೆ ಹೋಗಿದ್ದ. ಕಮಲಾಪುರದಲ್ಲಿ ಬಸ್ ನಿಂತಾಗ ಎದ್ದು ಕಿಟಕಿಯ ಗಾಜು ಸರಿಸಿದ. ಮಹಾಗಾಂವ್ ಕ್ರಾಸ್ ಬರುವವರೆಗೂ ರಸ್ತೆಯನ್ನೇ ನೋಡುತ್ತಿದ್ದ.