ಎರಡು ತೊಟ್ಟಿ, ಒಂದೇ ಅಮೋನಿಯಾ: ಸಿಗಡಿ ಸತ್ತದ್ದು ಸಾವಯವ ತೊಟ್ಟಿಯಲ್ಲಿ

ಜಮಖಂಡಿ ಹತ್ತಿರದ ನಮ್ಮ ಹೊಲದ ಎರಡು ಸಿಮೆಂಟ್ ತೊಟ್ಟಿಗಳಿಗೆ ಸಿಹಿನೀರಿನ ಸಿಗಡಿ ಮರಿ ಬಿಟ್ಟು 50 ದಿನಗಳಾದವು. ಒಂದಕ್ಕೆ ಕಂಪನಿಯ ಗುಳಿಗೆ ಮೇವು, ಸಾವಯವ ಎಂದು ನಾನು ಕರೆಯುವ ಇನ್ನೊಂದಕ್ಕೆ ಕಳಿತ ಸಗಣಿ ಮತ್ತು ಶೇಂಗಾ ಹಿಂಡಿ. ಮೂರು ವಾರ ನನ್ನ ನಿದ್ದೆ ಕೆಡಿಸಿದ ಸಂಗತಿಗೆ ನೇರವಾಗಿ ಬರುತ್ತೇನೆ: ದಿನಕ್ಕೆ ನಾಲ್ಕೈದರಂತೆ ಸಿಗಡಿಗಳು ಸಾಯುತ್ತಿದ್ದದ್ದು ಸಾವಯವ ತೊಟ್ಟಿಯಲ್ಲಿ.

ಬೆಳಿಗ್ಗೆ ಆರಕ್ಕೆ ಪರೀಕ್ಷಿಸಿದಾಗಲೆಲ್ಲ ಎರಡೂ ಕಡೆ ಒಟ್ಟು ಅಮೋನಿಯಾ (ಸಿಗಡಿಯ ಹೊಲಸು, ಕೊಳೆತ ಮೇವಿನಿಂದ ನೀರಿಗೆ ಸೇರುವ ಸಾರಜನಕದ ತ್ಯಾಜ್ಯ) ಲೀಟರಿಗೆ 1 ಮಿಲಿಗ್ರಾಂ, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 8. ಮರಿ ಪೂರೈಸಿದವರು ಚೀಲಗಳನ್ನು ಅರ್ಧ ದಿನ ತಡವಾಗಿ ಮುಟ್ಟಿಸಿ, ಸತ್ತ ಮರಿಗಳಿಗೂ ದುಡ್ಡು ಎಣಿಸಿಕೊಂಡಿದ್ದರಿಂದ ಮೊದಲ ಸಿಟ್ಟು ಅವರ ಮೇಲೆಯೇ ಹೋಯಿತು. ಆದರೆ ಅದೇ ಚೀಲದ ಮರಿಗಳು ಪಕ್ಕದ ತೊಟ್ಟಿಯಲ್ಲಿ ಗಟ್ಟಿಮುಟ್ಟಾಗಿದ್ದವು.

ಕಳೆದ ಭಾನುವಾರ ಮಧ್ಯಾಹ್ನ ಮೂರಕ್ಕೆ ಸಾವಯವ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿದಾಗ ಹಸಿರು ನೀರಿನಲ್ಲಿ ನನ್ನ ಬೆರಳುಗಳೇ ಕಾಣಲಿಲ್ಲ. ಆಗಲೇ ಪಿಎಚ್ ನೋಡಿದೆ: 9. ಸಗಣಿಯ ಸತ್ವ ಉಂಡು ಬೆಳೆದ ಪಾಚಿ ಬಿಸಿಲಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಏರಿಸುತ್ತಿತ್ತು, ರಾತ್ರಿ ಅದು ಮತ್ತೆ ಇಳಿಯುತ್ತಿತ್ತು. ನೀರು 28 ಡಿಗ್ರಿ ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಪಿಎಚ್ 8ರಲ್ಲಿ ಶೇ. 6ರಿಂದ 7, ಪಿಎಚ್ 9ರಲ್ಲಿ ಶೇ. 40ರಷ್ಟು. ಕಿಟ್ ತೋರಿಸುವ ಅಂಕಿ ಅದೇ ಇದ್ದರೂ ಮಧ್ಯಾಹ್ನದ ವಿಷ ಆರು ಪಟ್ಟು!

ಸಗಣಿ ನಿಲ್ಲಿಸಿ, ಹಿಂಡಿಯನ್ನು ಅರ್ಧಕ್ಕಿಳಿಸಿ, ಅರ್ಧ ತೊಟ್ಟಿಗೆ ಶೇಡ್ ನೆಟ್ ಕಟ್ಟಿದೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 20 ಗ್ರಾಂನಂತೆ ಮಹಾಲಿಂಗಪುರದ ಬೆಲ್ಲ ಕರಗಿಸಿ ಹಾಕಿದೆ. ಅದನ್ನುಣ್ಣುವ ಬ್ಯಾಕ್ಟೀರಿಯಾ ಅಮೋನಿಯಾವನ್ನೂ ಹೀರಿಕೊಳ್ಳುತ್ತವೆ, ಆದರೆ ಆಮ್ಲಜನಕವನ್ನೂ ಕಬಳಿಸುವುದರಿಂದ ನೀರಿಗೆ ಗಾಳಿಯೂದುವ ಏರೇಟರ್ ಕರೆಂಟು ಹೋದಾಗಲೂ ನಿಲ್ಲದಂತೆ ಅದಕ್ಕೆ ಬ್ಯಾಟರಿ ಜೋಡಿಸಲೇಬೇಕಾಯಿತು. ಈಗ ಮಧ್ಯಾಹ್ನದ ಪಿಎಚ್ 8.3; ನಾಲ್ಕು ದಿನಗಳಿಂದ ಒಂದೂ ಸತ್ತಿಲ್ಲ.

ಆ್ಯಂಟಿಬಯೋಟಿಕ್ ನಿಷೇಧ, ವಿರಳ ಸಾಕಣೆ ಎಂಬ ಸಾವಯವ ನಿಯಮಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಮೇವು ಯಾವುದೇ ಇರಲಿ, ಅದರ ಸಾರಜನಕದಲ್ಲಿ ಸಿಗಡಿಯ ಮೈಗೆ ಹತ್ತುವುದು ಸುಮಾರು ಕಾಲು ಭಾಗ. ಉಳಿದದ್ದು ನೀರಿಗೆ ಮತ್ತು ಕೆಸರಿಗೆ. ನನ್ನ ತೊಟ್ಟಿಯ ನೀರು ಕಬ್ಬಿಗೆ ಹೋಗುತ್ತದೆ, ಕರಾವಳಿಯಲ್ಲಿ ಅದು ಹಿನ್ನೀರಿಗೆ ಸೇರುತ್ತದೆ. ವಿರಳವಾಗಿ ಸಾಕಿದರೆ ಅಷ್ಟೇ ತೂಕದ ಸಿಗಡಿಗೆ ಹೆಚ್ಚು ಕೆರೆ ಬೇಕು. ಅದಕ್ಕಾಗಿ ಕರಾವಳಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರೆ ಗಳಿಸಿದ್ದೆಲ್ಲ ಹೋಯಿತು.

ಮುಂದಿನ ಯೋಜನೆ ನಮ್ಮ ಸವಳು ಹೊಲದ್ದು. ಹರಿಯಾಣದಲ್ಲಿ ಉಪ್ಪು ಅಂತರ್ಜಲಕ್ಕೆ ಪೊಟ್ಯಾಷ್ ಬೆರೆಸಿ ವನ್ನಾಮಿ ಎಂಬ ಸಮುದ್ರದ ತಳಿಯ ಸಿಗಡಿ ಬೆಳೆಯುತ್ತಾರೆ. ಆದರೆ ಆ ಉಪ್ಪು ನೀರನ್ನು ಕಬ್ಬಿಗೆ ಬಿಡುವಂತಿಲ್ಲ, ಹಳ್ಳಕ್ಕಂತೂ ಬಿಡಲೇಬಾರದು. ಅದು ಎಲ್ಲಿಗೆ ಹೋಗಬೇಕೆಂಬುದು ಗೊತ್ತಾಗುವವರೆಗೆ ಒಂದು ಮರಿಯನ್ನೂ ತರಿಸುವುದಿಲ್ಲ.